ರಸ್ತೆ ಮರ

ನಾನು ಹಲ್ಲಿನ ಡಾಕ್ಟರು.
ಮೈಸೂರು ರಸ್ತೆಯ ಸಾಮಿಲ್ಲಿನಲ್ಲಿ
ಗರಗಸಕ್ಕೆ ಸಾಣೆ ಹಿಡಿಯುತ್ತ ಇಪ್ಪತ್ತಾರು ವರ್ಷ.
ಹದಿನೆಂಟಡಿಯ ಪಟ್ಟಿ, ನೂರಕ್ಕೆ ಮೀರಿದ ಹಲ್ಲು,
ಒಂದೊಂದಕ್ಕೂ ಅರದ ಮೂರು ಎಳೆತ.
ಮರ ನೋಡುವುದು ನನ್ನ ಕೆಲಸವಲ್ಲ;
ಮರ ಏನು ಮಾಡಿ ಹೋಯಿತೋ ಅದನ್ನು ನೋಡುತ್ತೇನೆ.

ತೇಗ ಕುಯ್ದ ಹಲ್ಲು ಜಿಡ್ಡು ಜಿಡ್ಡು.
ಹೊನ್ನೆ ಕುಯ್ದದ್ದು, ಮದುವೆಮನೆಯ ಸಾಗು ತಿಂದು
ಬಾಯಿ ಮುಕ್ಕಳಿಸದೆ ಎದ್ದವನ ಹಾಗೆ.
ಕರಿಜಾಲಿ ಸದ್ದಿಲ್ಲದೆ ಮೊಂಡು ಮಾಡುತ್ತದೆ.
ರಸ್ತೆ ಮರ ಮಾತ್ರ
ಮುರಿಯುತ್ತದೆ.

ಅದಕ್ಕೇ ವೇಲ್ಜಿಭಾಯಿ ಹರಾಜಿನಲ್ಲಿ
ರಸ್ತೆ ಮರಕ್ಕೆ ಕೈ ಎತ್ತಿದರೆ ಅರ್ಧವೇ ಎತ್ತುತ್ತಾರೆ.
"ಬೆಂಗಳೂರಿನ ಮರಾ? ಹೊಟ್ಟೆ ತುಂಬ ಕಬ್ಬಿಣ."

ಈ ಸಲ ಮಹಾಗನಿ.
ಮೇಲ್ಸೇತುವೆಗೆ ಅಡ್ಡ ನಿಂತಿತ್ತಂತೆ.
ಐದು ತುಂಡು. ಸಿಪ್ಪೆಯ ಮೇಲೆ ಕೆಂಪು ಬಣ್ಣದ ನಂಬರು,
ಅದರ ಕೆಳಗೆ ಮಾಸಿದ ಬಿಳಿ ನಂಬರು,
ಅದಕ್ಕೂ ಕೆಳಗೆ ಯಾರೋ ಚಾಕುವಿನಲ್ಲಿ ಕೊರೆದ ಒಂದು 'ಸ'.
ಲಾರಿಯಿಂದ ಉರುಳಿಸಿದ ಏಟಿಗೆ
ರೆಂಬೆಗಂಟಿದ್ದ ಕಾಯೊಂದು ಬಿರಿದು
ರೆಕ್ಕೆ ಕಟ್ಟಿಕೊಂಡ ಬೀಜ ಗಿರಗಿರ ಗಿರಗಿರ
ನೇರ ಡೀಸೆಲ್ ಮಡುವಿಗೆ.

ಮುನೀರ್ ಗುಂಡಿ ಒತ್ತಿದ.
ಮೊದಲ ಹಲಗೆ ಮಗುವಿನ ಒಸಡಿನಷ್ಟು ನಸುಗೆಂಪು;
ಗಾಳಿ ತಾಗಿ ತಾಗಿ ಸಂಜೆಗೆ ಚಹಾ.
ಎರಡನೆಯದರ ನಡುವೆ ಕಿರಿಚಿತು.
ಬೀದಿನಾಯಿಗಳೆಲ್ಲ ಎದ್ದು ನಿಂತವು.
ಹನ್ನೊಂದು ಹಲ್ಲು.

ಇಕ್ಕಳ ಹಿಡಿದು ತೆಗೆದದ್ದು ಇಷ್ಟು:
ಟ್ಯೂಷನ್ ಬೋರ್ಡಿನ ಮೊಳೆ ನಾಲ್ಕು,
ಕೇಬಲ್ ತಂತಿ ಮೊಳಕ್ಕೆ ಕಮ್ಮಿ,
ಮನೆ ಬಾಡಿಗೆಗಿದೆ, ಕಳೆದುಹೋಗಿದ್ದಾರೆ, ಮೂಲವ್ಯಾಧಿಗೆ ಮದ್ದಿದೆ
ಎಂಬ ಚೀಟಿಗಳ ಪಿನ್ನು, ಚೀಟಿಗಳಿಲ್ಲದೆ.
ಮೊಳೆ ಎಂದರೆ ಮೊಳಕೆಯೂ ಹೌದಲ್ಲ,
ಊರು ಬಿತ್ತಿದ್ದು ಒಳಗೆ ಬೇರು ಬಿಟ್ಟಿತ್ತು.
ಎಲ್ಲಕ್ಕಿಂತ ಆಳದಲ್ಲಿ ಒಂದು ಕೊಂಡಿ,
ಸುತ್ತ ಕಪ್ಪು ಹಬ್ಬಿ,
ಕಣ್ಣಿಗೆ ಕಾಡಿಗೆ ತೀಡಿದ ಹಾಗೆ.

ನಾಲ್ಕನೆಯ ದಿನ ಗೇಟಿನಲ್ಲಿ ಮುದುಕ, ಮುನಿಹುಚ್ಚಪ್ಪ.
"ಆ ಮರದ ಬುಡದಾಗೆ ಚಪ್ಪಲಿ ಹೊಲೀತಿದ್ದೆ.
ಕೊಂಡಿ ಏನಾದ್ರೂ ಸಿಕ್ತಾ ಸಾಮಿ?
ಛತ್ರಿ ಕಟ್ಟೋಕೆ ನಮ್ಮಪ್ಪ ಹೊಡೆದದ್ದು, ಮರ ಇನ್ನೂ ಸಣ್ಣದಿದ್ದಾಗ.
ವರ್ಷ ವರ್ಷ ಒಳಕ್ಕೆ ಎಳ್ಕೊಂತು.
ಪೂರಾ ನುಂಗೋ ಹೊತ್ತಿಗೆ
ಛತ್ರಿನೇ ಬೇಕಾಗಲಿಲ್ಲ."

ರಾಶಿ ನೋಡಿದ. "ಎಷ್ಟಡಿ ಬಂತು?"
"ತೊಂಬತ್ತೆರಡು ಘನ ಅಡಿ."
"ನೆರಳು ಸೇರಿಸಿಯಾ?"
ತಮಾಷೆಯೋ ಏನೋ, ಮುಖದಲ್ಲಿ ಗೊತ್ತಾಗಲಿಲ್ಲ.
ಮುನೀರ್ ಸುಮ್ಮನೆ ಬೀಡಿ ಹುಡುಕಿದ.

ಕೊಂಡಿ ಕೊಟ್ಟೆವು. ತೊಗಲು ಕುಯ್ಯಲು
ಒಂದು ಸಿಪ್ಪೆಪಟ್ಟಿಯೂ ಬೇಕೆಂದ.
ವೇಲ್ಜಿಭಾಯಿ ನಲವತ್ತೆಂದರು, ಆಮೇಲೆ ಇಪ್ಪತ್ತು,
ಆಮೇಲೆ ಕುರ್ಚಿಯಿಂದ ಬಗ್ಗಿ
ತಮ್ಮ ಎಡಗಾಲ ಚಪ್ಪಲಿ ಕಳಚಿ ಮುಂದಿಟ್ಟರು.
ಹರಿದ ಉಂಗುಷ್ಟ.
ಅಲ್ಲೇ, ಹೊಟ್ಟಿನ ಗುಡ್ಡೆಯ ಪಕ್ಕ ಪಟ್ಟಿ ಹಾಸಿ ಕೂತ.
ಅವನ ಉಳಿ, ನನ್ನ ಅರ.
ಕರೆಂಟ್ ಹೋಗಿತ್ತು; ಎರಡೂ ಕೇಳಿಸುತ್ತಿತ್ತು.

ಹನ್ನೊಂದು ಹಲ್ಲು ಮತ್ತೆ ಕೆತ್ತಲು ಎರಡು ದಿನ ಹಿಡಿಯಿತು.
ನಾಳೆ ಅದೇ ರಸ್ತೆಯ ಇನ್ನೊಂದು ಲಾರಿ.
ಕೆಟ್ಟ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ ತಂದಿಟ್ಟಿದ್ದೇನೆ,
ಗರಗಸಕ್ಕೆ ಕೊಡುವ ಮೊದಲು
ಬುಡದಿಂದ ತುದಿಯವರೆಗೆ ಮೈ ತಡವಿ ನೋಡಲು.
ಹಲ್ಲಿಗೋಸ್ಕರ ಎಂದು
ಮುನೀರನಿಗೆ ಹೇಳಿದ್ದೇನೆ.