ಕೆಂಪು ಶಾಯಿಯ ಅರವತ್ತೊಂದು

ಇವತ್ತು ನವರಾತ್ರಿಯ ಹಳದಿ ದಿನ.
ನರ್ಸುಗಳೆಲ್ಲ ಹಳದಿ ಸೀರಿ, ಹಳದಿ ದುಪಟ್ಟಾ.
ರಾಸ್ತಾ ಪೇಟೆಯಿಂದ ಕೇಕು ಬಂದದ,
ಮ್ಯಾಲೆ ಎರಡರ ಮುಂದ ಮೂರು ಸೊನ್ನಿ;
ಕಡೀದು ಪೆಟ್ಟಿಗಿಗೆ ತಾಗಿ ಸ್ವಲ್ಪ ಅಳಿಸ್ಯದ.

ನಾನು ಒಳಗ, ಸಿಂಕಿನ ಮುಂದ.
ಎರಡು ಸಾವಿರನೇದು ಈಗಷ್ಟೇ ಮುಗೀತು.
ಹುಣಸಿ ಬೀಜಕ್ಕಿಂತ ಸಣ್ಣ ಕಲ್ಲು, ಹಿಚುಕಿದರ ಪುಡಿ.
ಅದನ್ನ ಹುಡುಕಿ ಹೋದ ಕೊಳವಿ ನನ್ನ ಕೈಯಾಗ,
ಮಂದಿ ಮೈಯ ಬಿಸಿ ಇನ್ನೂ ಆರಿಲ್ಲ.
ಬ್ರಷ್ಷು ತೂರಸತೀನಿ ಈ ತುದಿಯಿಂದ ಆ ತುದಿಗೆ,
ನೀರು ತಿಳಿಯಾಗೂತನ.
ಅಕ್ಕಲಕೋಟಿನ್ಯಾಗ ಅವ್ವನ ಊದುಗೊಳವಿಗೆ
ಒಮ್ಮೆ ಜೋರಾಗಿ ಊದಿದರ ಸಾಕಿತ್ತು.
ಇದಕ್ಕ ಅಷ್ಟು ಸಾಲದು.

ತಾಮ್ಹಣೆ ಮ್ಯಾಡಂ ಸೀಸದ ಏಪ್ರನ್ ಕಳಚಿ ಬಂದರು.
ಹನ್ನೊಂದು ವರ್ಷ ಆ ಭಾರ ಹೊತ್ತು
ಎಡಭುಜ ಒಂದೀಟು ಕೆಳಗ ಇಳದದ.
"ಸುಗಲಾ, ರಜಿಸ್ಟರ್ ತಾ."

ಮುಂದಿನ ಹಾಳಿ ನೀಲಿ ಶಾಯಿ, ಆಗಿದ್ದವು.
ಹಿಂದಿನ ಹಾಳಿ ಕೆಂಪು:
ತಂತಿ ಒಳಗ ಹೋಗದವು. ಅರವತ್ತೊಂದು.
ಆಫೀಸಿನವರು ಅವನ್ನ ಎಣಿಸಂಗಿಲ್ಲ.

ಮೊದಲನೇ ಹೆಸರಿನ ಮ್ಯಾಲೆ ಬೆರಳು ನಿಂತಿತು.
ಚಾಕಣದ ಟೆಂಪೊ ಡ್ರೈವರ್. ಕಣ್ಣು ಅರಿಶಿಣ.
ಎರಡು ತಾಸು ಪರದೆ ನೋಡಿದ್ವಿ;
ಆ ಸಣ್ಣ ಮೊಗ್ಗು ಮಡಿಕಿಯೊಳಗ ಕೂತು
ತಂತಿ ಬಂದಾಗೊಮ್ಮೆ ಮಾರಿ ತಿರುವತಿತ್ತು.
ಹೊರಗ ಅವನ ಹೆಂಡತಿ ಡಬ್ಬಿ ತೆರೆದು
ನಮಗೇ ಊಟಕ್ಕ ಕರೆದಳು, ಏನೂ ಗೊತ್ತಿಲ್ಲದ.
ಮ್ಯಾಡಂ ಭಕ್ರಿಯ ಒಂದು ತುಂಡು ತೊಗೊಂಡು
ತಿನ್ನಲಿಲ್ಲ, ಕೋಟಿನ ಜೇಬಿನ್ಯಾಗ ಇಟ್ಟರು.

"ಇವರೂ ಅದೇ ಮೇಜಿನ ಮ್ಯಾಲೆ ಮಲಗಿದ್ದರಲ್ಲ.
ಕೂಡಿಸು."

ಕೈ ಒರಸಿಕೊಂಡು ಹಿಂದಕ್ಕ ಎಣಿಸಿಕೋತ ಹೋದೆ,
ಭಾದ್ರಪದ, ಶ್ರಾವಣ, ಆಷಾಢ…
ಎರಡು ಸಾವಿರನೇದು ಸಿಕ್ಕಿತು
ಪುಣೆಗೆ ಪಾಲಖಿ ಬಂದ ದಿನ.

ರಸ್ತೆ ಬಂದ್. ಅರ್ಧ ಮಂದಿ ಡ್ಯೂಟಿಗಿಲ್ಲ.
ದಿಂಡಿ ಬಿಟ್ಟು ಚಳಿಜ್ವರದಾಗ ನಡಗಿಕೋತ ಬಂದಾಕಿ,
ಕೋಂಡಾಬಾಯಿ.
ತುಳಸಿ ಮಾಲಿ ಬಿಚ್ಚಂಗಿಲ್ಲ ಅಂತ ಹಟ;
ಟೇಪು ಹಚ್ಚಿ ಭುಜಕ್ಕ ಅಂಟಿಸಿದೆ.
ತಂತಿ ಒಂದೇ ಸಲಕ್ಕ ಹೋತು.
ಪರದೆ ತುಂಬ ಮೊದಲು ಕೀವು, ಆಮ್ಯಾಲೆ ಪಿತ್ತ,
ಹೊಸಾ ಎಣ್ಣಿ ಹಂಗ ಹಳದಿ.
ಯಾರೂ ಚಪ್ಪಾಳಿ ಹೊಡೀಲಿಲ್ಲ.
ಮ್ಯಾಡಂ "ಹಾಂ" ಅಂದಿದ್ದರು, ಅಷ್ಟ.
ಚಹಾನೂ ಸಿಗಲಿಲ್ಲ,
ಕ್ಯಾಂಟೀನಿನವ ವಾರಕರಿಗಳಿಗೆ ಬಾಳಿಹಣ್ಣು ಹಂಚಾಕ ಹೋಗಿದ್ದ.
ನಾಕನೇ ದಿನ ಮುದುಕಿ ಕೇಳಿದ್ದು ಒಂದೇ ಮಾತು,
ಪಾಲಖಿ ಎಲ್ಲಿತನ ಹೋತು?
ಸಾಸವಡ, ಅಂದೆ.
ಚಪ್ಪಲಿ ಹುಡುಕಾಕ ಸುರು ಮಾಡಿದಳು.

"ಮ್ಯಾಡಂ, ಕೇಕು!" ಹೊರಗಿಂದ ಕೂಗು.
ಅವರು ರಜಿಸ್ಟರ್ ಮುಚ್ಚಿ,
ಅರವತ್ತೊಂದರ ಹಾಳಿಯಾಗ ಪೆನ್ನು ಹಂಗೇ ಬಿಟ್ಟು ನಡೆದರು.

ಕೊಳವಿಯನ್ನ ಕಪಾಟಿನ್ಯಾಗ ತೂಗು ಹಾಕಿದೆ,
ತುದಿ ಕೆಳಗ.
ಕೇಕಿನ ತುಂಡು ಕಾಗದದಾಗ ಬಂತು,
ಅಳಿಸಿದ ಸೊನ್ನಿ ಇದ್ದದ್ದು.
ತಿನ್ನೂಕಿಂತ ಮೊದಲು ನೋಡಿದೆ:
ತುದಿಯಾಗ ಒಂದು ಹನಿ,
ಇನ್ನೂ ಬೀಳವಲ್ದು.