ವಾಸಕ್ಕೆ ಬಳಸುವ

ಪಾಂಡವಪುರದ ಕೋರ್ಟಿನ ಮೇಲೆ ಕುಂತಿಬೆಟ್ಟದ ನೆರಳು
ಬೀಳುವುದಿಲ್ಲ; ಬಿದ್ದಂತೆ ಅನಿಸುತ್ತದೆ, ನಾಲ್ಕರ ಮೇಲೆ,
ಕರೆಂಟು ಹೋದಾಗ.
ಆವತ್ತೂ ಹೋಗಿತ್ತು. ಮೇಜಿನ ಮೇಲೆ ತಗಡಿನ ಪೆಟ್ಟಿಗೆ,
ಕೊಂಡಿಗೆ ಕಟ್ಟಿದ ಚೀಟಿ: ಮುದ್ದೆಮಾಲು ಒಂದು.
ಒಳಗೆ ಸಾವಿರದ ನೂರು ರೂಪಾಯಿ, ಮಗುವಿನ ಕಾಲ್ಗೆಜ್ಜೆ,
ಬೆಲ್ಲದ ವಾಸನೆ ಇನ್ನೂ ಬಿಡದ ಒಂದು ಟವೆಲ್ಲು.

ಕದ್ದದ್ದು ಜವರನೇ. ಅದರಲ್ಲಿ ತಕರಾರಿಲ್ಲ.
ಇದ್ದ ತಕರಾರು ಒಂದೇ ಪದದ್ದು.

ಬರಿಯ ಕಳವಾದರೆ ಮೂರು ವರ್ಷದ ತನಕ,
ಮನೆಯೊಳಗಿನ ಕಳವಾದರೆ ಏಳು.
ಕಲಂ ಹೇಳುತ್ತದೆ: ಮನುಷ್ಯವಾಸಕ್ಕೆ ಬಳಸುವ
ಕಟ್ಟಡ, ಡೇರೆ ಅಥವಾ ಹಡಗು.
ಬರೆದವನು ಹಡಗನ್ನು ನೆನೆದ, ಆಲೆಮನೆಯನ್ನು ನೆನೆಯಲಿಲ್ಲ.
ನಾಲೆಯ ಈಚೆಗೆ ಬಂದಿರಲಿಲ್ಲ, ಪಾಪ.

ಸರ್ಕಾರಿ ವಕೀಲರು ಎದ್ದರು: ಹೆಸರೇ ಹೇಳುತ್ತದಲ್ಲ, ಆಲೆ-ಮನೆ.
ಲಿಂಗರಾಜೇ ಅರಸು ಕೂತಲ್ಲಿಂದಲೇ:
ಬಚ್ಚಲುಮನೆಯಲ್ಲಿ ಯಾರು ಸಂಸಾರ ಮಾಡುತ್ತಾರೆ?
ನಾಲ್ಕು ಕಂಬ, ಮೇಲೆ ಕಬ್ಬಿನ ಸೋಗೆ.
ಕಟ್ಟಿದ್ದೆಲ್ಲ ಕಟ್ಟಡವಾದರೆ
ಕಬ್ಬಿನ ಹೊರೆಯೂ ಕಟ್ಟಿದ್ದೇ.
ಎಲ್ಲ ನಕ್ಕರು. ನಾನೂ, ಕನ್ನಡಕ ಒರೆಸುವ ನೆಪದಲ್ಲಿ.

ಆಮೇಲೆ ಅವರು ಮುಂದಿಟ್ಟರು ಅಂಚು ಸವೆದ ಒಂದು ವರದಿ.
ಹೈಕೋರ್ಟಿನದು, ನಲವತ್ತು ವರ್ಷದ ಕೆಳಗೆ:
ಹೊಲದ ಅಟ್ಟಣೆಯ ಮೇಲೆ ಹಂದಿ ಕಾಯುತ್ತ ಮಲಗಿದವನ
ಕಂಬಳಿ ಹೋಗಿತ್ತು.
ನಿದ್ದೆ ಮಾಡಿದ್ದು ವಾಸವಲ್ಲ, ಎಂದಿತ್ತು ಪೀಠ.
ದೊಡ್ಡವರ ಮಾತು; ನಾನು ಮೀರುವಂತಿಲ್ಲ.
ಪದಕ್ಕೆ ಎರಡು ಅರ್ಥ ಹುಟ್ಟಿದರೆ
ಕಟಕಟೆಯಲ್ಲಿ ನಿಂತವನಿಗೆ ಮೆದುವಾದದ್ದು ಸಲ್ಲಬೇಕು.
ಇದನ್ನು ಹುಡುಗರಿಗೆ ನಾನೇ ಪಾಠ ಹೇಳಿದ್ದೆ
ಮೈಸೂರಿನ ಲಾ ಕಾಲೇಜಿನಲ್ಲಿ, ಎರಡು ವರ್ಷ.

ಹಾಗೆಂದೇ ಬರೆಯಲು ಕೂತೆ ಆ ರಾತ್ರಿ. ಪೆನ್ನು ನಿಂತಿತು
ರಾಮ್‌ಕುಬೇರನ ಹೇಳಿಕೆಯ ಹತ್ತಿರ.
ಗೊಂಡಾ ಕಡೆಯವನಂತೆ, ಕೊಪ್ಪರಿಗೆಯ ಪಾಕ ನೋಡುವವನು.
ದುಭಾಷಿ ಕೇಳಿದ್ದ: ಎಲ್ಲಿ ವಾಸ?
ಇಲ್ಲೇ.
ಇಲ್ಲೇ ಅಂದರೆ?
ಸಾಕ್ಷಿಗೆ ಪ್ರಶ್ನೆ ಅರ್ಥವಾಗಲಿಲ್ಲ ಎಂದು
ನಾನೇ ಬರೆಸಿದ್ದೆ.

ಮಹಜರನ್ನು ಮತ್ತೆ ತೆಗೆದೆ.
ಪೊಲೀಸರು ಏನೂ ಯೋಚಿಸದೆ ಪಟ್ಟಿ ಮಾಡಿದ್ದರು:
ಮೂರು ಕಲ್ಲಿನ ಒಲೆ. ಚಪಾತಿ ಮಣೆ.
ಪಡುವಲ ಗಾಳಿಗೆ ಅಡ್ಡ ಕಟ್ಟಿದ ತಡಿಕೆ. ಹಗ್ಗದ ಮೇಲೆ ಒಗೆದ ಅಂಗಿ.
ಕಂಬಕ್ಕೆ ಮೊಳೆ ಹೊಡೆದ ಹನುಮಂತನ ಕ್ಯಾಲೆಂಡರು,
ಹೋದ ವರ್ಷದ್ದು.
ಮುಗಿದ ವರ್ಷವನ್ನು ಯಾರು ತೂಗುಹಾಕಿಕೊಳ್ಳುತ್ತಾರೆ, ಹೇಳಿ,
ಮನೆಯಲ್ಲದ ಕಡೆ?

ಅಟ್ಟಣೆಯವನಿಗೆ ಇಳಿದು ಹೋಗಲು ಊರಲ್ಲೊಂದು ಮನೆಯಿತ್ತು.
ವರದಿಯ ಏಳನೇ ಪ್ಯಾರಾದಲ್ಲಿದೆ, ಯಾರೂ ಓದದ ಸಾಲಿನಲ್ಲಿ.
ಅಂದಿನ ತೀರ್ಪು ನಿಂತದ್ದು ಆ ಮನೆಯ ಮೇಲೆ,
ಅಟ್ಟಣೆಯ ಮೇಲಲ್ಲ.
ಇವನು ಇಳಿದರೆ ನೆಲ, ಅಷ್ಟೇ.
ಹಾಗೆ ಬರೆದೆ. ಮೀರಲಿಲ್ಲ; ಪಕ್ಕಕ್ಕೆ ಸರಿದು ನಡೆದೆ.
ಸರಿಯೋ ಎಂದು ಈಗಲೂ ಒಮ್ಮೊಮ್ಮೆ ಎದ್ದು ಕೂರುತ್ತೇನೆ.

ಶಿಕ್ಷೆ ಹೇಳುವ ಮುಂಚೆ ಜವರನನ್ನು ಕೇಳಿದೆ, ಏನಾದರೂ ಇದೆಯೇ?
‘ಬಾಗ್ಲೇ ಇರ್ನಿಲ್ಲ ಕನವ್ವ.
ಬಾಗ್ಲಿಲ್ದಿದ್ ಮ್ಯಾಲೆ ನಾನು ಒಳೀಕೋದೆ ಅಂತ
ಎಂಗಂದೀರಿ?’
ಲಾ ಕಾಲೇಜಿನಲ್ಲಿ ಯಾರೂ ಇಷ್ಟು ಚೆನ್ನಾಗಿ ಕೇಳಿರಲಿಲ್ಲ.
ಎಂಟು ತಿಂಗಳು ಒಳಗಿದ್ದ; ಅಷ್ಟೇ ಸಾಕೆಂದೆ.
ಸೆರೆಮನೆ. ಅದರಲ್ಲೂ ಮನೆಯಿದೆ,
ಬಾಗಿಲಂತೂ ಖಂಡಿತ.

ಕೆಳಗಿನ ಕೋರ್ಟಿನ ತೀರ್ಪು ಯಾರನ್ನೂ ಕಟ್ಟುವುದಿಲ್ಲ,
ಆ ಒಬ್ಬನನ್ನು ಬಿಟ್ಟು.

ಅಪೀಲಿನ ಗಡುವು ಮುಗಿಯಿತು. ಪೆಟ್ಟಿಗೆ ಒಯ್ಯಲು ನೋಟೀಸು ಹೋಯಿತು,
ಕಡತದಲ್ಲಿದ್ದ ಒಂದೇ ವಿಳಾಸಕ್ಕೆ:
ಪುಟ್ಟಚನ್ನೇಗೌಡರ ಆಲೆಮನೆ, ಚಿನಕುರಳಿ ದಾರಿ.
ಜೂನಿನಲ್ಲಿ ಹಿಂದಕ್ಕೆ ಬಂತು.
ಅಂಚೆಯವನ ಕೈಬರಹ, ನೀಲಿ ಶಾಯಿ:
ಇಲ್ಲಿ ಯಾರೂ ವಾಸವಿಲ್ಲ.