ಸಂಬಂಧದ ಕಾಲಂ

ಗಂಗಾವತಿ ತಹಶೀಲ್ ಕಚೇರಿಯೆದುರು ಬೇವಿನ ಕೆಳಗೆ
ಒಂದು ಮೇಜು, ಕಡ್ಡಿ ಮುರಿದ ಛತ್ರಿ, ನಾನು.
ವಾರಸಾ, ಪಹಣಿ ತಿದ್ದುಪಡಿ, ಕಳೆದುಹೋದ ಪಡಿತರ ಚೀಟಿ.
ಇಪ್ಪತ್ತಾರು ವರ್ಷದಿಂದ ಬಂದವರ ಅಳಲನ್ನೆಲ್ಲ
'ವಿನಂತಿ' ಎಂಬ ಒಂದೇ ಅಳತೆಯ ಅಂಗಿಗೆ ಹೊಲಿದವನು.

ಮಂಗಳವಾರ ಬಂದ ಹಟ್ಟಿ ಬಾಳಪ್ಪ.
ಹೆಗಲಿಗೆ ಕಂಬಳಿ, ಮೈತುಂಬ ಕುರಿಯ ವಾಸನೆ.
'ಆಕ್ಷೇಪಣೆ ಅಂತ್ರಿ. ಮೂರು ಪ್ರತಿ ಬೇಕಂತ.
ತ್ವಾಳದ ಕಾವಲಿನ್ಯಾಗ ಬೋರು ಹಾಕಾಕತ್ಯಾರ.
ಬ್ಯಾಡ ಅಂತ ಬರೀರಿ.'

'ನೀರಿಗಾ?'

'ನೀರಿಗಾದ್ರ ನಾನ್ಯಾಕ ಬರ್ತಿದ್ದೆ?
ಸಾವಿರ ಅಡಿ ತಳದಾಗ ಏನೋ ಹೊಳಪೈತಂತ.
ಬಾಳೆದಿಂಡಿನಂಗ ಉದ್ದುದ್ದ ಕಲ್ಲು ತೆಗೀತಾರ,
ಪೆಟ್ಟಿಗ್ಯಾಗ ಸಾಲಾಗಿ ಮಲಗಿಸಿ
ಹಣಿಗೆ ನಂಬರು ಬರೀತಾರ.
ನೋಡಾಕಾಗಲ್ಲ.'

ಹೆಸರು ಬರೆದೆ. ವಯಸ್ಸು?
'ಡ್ಯಾಮಿಗೆ ನೀರು ನಿಂತ ವರ್ಷ ನಾನು ಮೊಲಿ ಕುಡೀತಿದ್ದೆ.'
ಎಪ್ಪತ್ತೆರಡು ಎಂದು ಹಾಕಿದೆ.

ನಂತರದ ಕಾಲಂ:
ಸದರಿ ಧಾಮಕ್ಕೂ ಅರ್ಜಿದಾರರಿಗೂ ಇರುವ ಸಂಬಂಧ.

ಬಾಳಪ್ಪ ಬೆರಳು ಮಡಚತೊಡಗಿದ.
ಮರಿಗಳು ನಲವತ್ತೊಂದು.
ಕೊಂಬು ಹೂವಿನಂತೆ ಸುತ್ತಿದ್ದ ಟಗರು ಒಂದು.
ಮೊದಲ ನಾಯಿಯ ಎಡಗಿವಿ.
ಪರಿಹಾರ ಬಂದದ್ದು ಎರಡೇ ಸಲ,
ಅದರಲ್ಲೊಂದು ಪಕ್ಕದೂರಿನ ಬಾಳಪ್ಪನ ಖಾತೆಗೆ.
'ವೈರ ಐತ್ರಿ. ಅದೇ ಸಂಬಂಧ.'

'ಹಾಗಿದ್ದರೆ ತೋಳ ಓಡಿಹೋದರೆ ನಿನಗೆ ಒಳ್ಳೆಯದೇ ಅಲ್ಲವೇ?'

ಕುರಿಗೂ ಆಡಿಗೂ ವ್ಯತ್ಯಾಸ ಕೇಳಿದವನನ್ನು
ನೋಡುವಂತೆ ನನ್ನನ್ನು ನೋಡಿದ.

'ಜನರೇಟರ್ ಬಂದಾಗಿಂದ ನಾಯಿ ಬೊಗಳವಲ್ಲದು.
ಯಾರಿಗೆ ಬೊಗಳಬೇಕದು?
ಐವತ್ತು ವರ್ಷ ಒಂದು ಕಿವಿ ತೆರೆದು ಮಲಗಿದಾವ ನಾನು,
ಈಗ ಎರಡೂ ಮುಚ್ಚಿದ್ರೂ ನಿದ್ದಿ ಇಲ್ಲ.
ತಂಗಡಿ ಗಿಡದ ಮ್ಯಾಲೆಲ್ಲ ಬೂದಿಯಂಥ ಧೂಳು.
ಕೌಜುಗದ ಸುದ್ದಿ ಇಲ್ಲ. ಚಿಗರಿ ರಸ್ತೆ ದಾಟಿ ಹ್ವಾದ್ವು.
ಆ ಹುಲ್ಲು ಇಷ್ಟು ದಿನ ಉಳಿದದ್ದು
ಸರ್ಕಾರದ ತಂತಿಬೇಲಿಯಿಂದಲ್ರಿ ಸಾಹೇಬ್ರ,
ಅದರ ಅಂಜಿಕಿಯಿಂದ.
ತ್ವಾಳ ಇದ್ರ ಅದು ಕಾವಲು.
ಇಲ್ಲಂದ್ರ ಖಾಲಿ ಸೈಟು.'

ನಾನು ಬರೆದೆ:
'ಅರ್ಜಿದಾರರು ಸದರಿ ಪ್ರದೇಶದಲ್ಲಿ ತಲತಲಾಂತರದಿಂದ
ಕುರಿ ಮೇಯಿಸಿಕೊಂಡು ಬಂದಿರುವವರಾಗಿದ್ದು...'
ಓದಿಸಿ ಕೇಳಿದ. ತಲೆ ಅಲ್ಲಾಡಿಸಿದ.
'ಅಷ್ಟುದ್ದ ಬ್ಯಾಡ. ವೈರಿ ಅಂತ ಬರೀರಿ.
ಗೆಣೆಕಾರನ ಸಾಕ್ಷಿ ಯಾರು ನಂಬ್ತಾರ?
ವೈರಿ ಬಂದು ಹೇಳಿದ್ರ, ಅಧಿಕಾರಿ ಕೂಡ
ಒಮ್ಮಿ ತಲಿ ಎತ್ತಿ ನೋಡ್ತಾನ.'

ಹಾಗಾಗಿ ಕಾರ್ಬನ್ನಿನ ನೀಲಿಯಲ್ಲಿ, ಮೂರೂ ಪ್ರತಿಯಲ್ಲಿ,
ಸಂಬಂಧ: ವೈರಿ.

ಸಹಿ ಬಾರದು. ಎಡಗೈ ಹೆಬ್ಬೆಟ್ಟು ಹಿಡಿದು ಮಸಿಗೆ ಒತ್ತಿದೆ.
ಗುರುತಿನ ನಡುವೆ ಒಂದು ಬಿಳಿಯ ಸೀಳು.
ಹಳೆಯದಲ್ಲ, ಹೊಸ ಗಾಯ, ಹಕ್ಕಳೆ ಇನ್ನೂ ಉದುರಿಲ್ಲ.
'ಕುಡುಗೋಲಾ?'

ಸುತ್ತ ನೋಡಿದ. ದನಿ ಇಳಿಸಿದ.
'ನಾಯಿ ಕಡೀತು, ನನ್ನದೇ ನಾಯಿ.
ಅಮಾಸಿ ಮರುದಿನ, ಇನ್ನೂ ಬೆಳಕು ಹರಿದಿರಲಿಲ್ಲ.
ಮಿಷನ್ನಿನ ಸಪ್ಪಳಕ್ಕ ಬಂಡಿ ಸಂದಿ ಬಿಟ್ಟು ಬಂದಿತ್ತು ಅದು,
ಬಾಯಾಗ ಮರಿ. ರಸ್ತೆ ದಾಟಿ ಇಟ್ಟು ಬಂತು.
ಮತ್ತ ಹೋತು. ಮತ್ತ ಒಂದು.
ನಾಕು ಸಲ, ನನ್ನ ಮುಂದ, ಹತ್ತು ಮಾರು ದೂರದಾಗ.
ನಾಯಿ ಹಾರಾಕ ನಿಂತಿತ್ತು.
ನಾನು ಅದರ ಬಾಯಿ ಹಿಡಕೊಂಡು ಕುಂತಿದ್ದೆ,
ನಾಲ್ಕನೇದು ದಾಟೋ ತನಕ.'

ಆಮೇಲೆ ಕಂಬಳಿಯಂಚಿಗೆ ಮಸಿ ಒರೆಸುತ್ತ
'ಇದನ್ನ ಬರೀಬ್ಯಾಡ್ರಿ' ಎಂದ.
'ಹಟ್ಟಿಯವ್ರಿಗೆ ಗೊತ್ತಾದ್ರ ನಗ್ತಾರ.'

ಅರ್ಜಿಯಲ್ಲಿ ಬರೆದಿಲ್ಲ.
ನಲವತ್ತು ರೂಪಾಯಿ ಕೊಟ್ಟ, ಹತ್ತು ವಾಪಸು ಕೇಳಿ ಪಡೆದ,
ಒಳಗೆ ಹೋಗಿ ಸಾಲಿನಲ್ಲಿ ನಿಂತ.

ಕಿಟಕಿಯಾಚೆಯ ಗುಮಾಸ್ತ ಮೂರೂ ಪ್ರತಿ ತಿರುವಿಹಾಕಿ,
'ವೈರಿ'ಯ ಮೇಲೆ ಕಣ್ಣೇ ನಿಲ್ಲಿಸದೆ, ಕೂಗಿದ:
ಏ ಅಜ್ಜಾ, ಹೆಬ್ಬೆಟ್ಟು ಸರಿ ಬಿದ್ದಿಲ್ಲ,
ಗೆರಿ ನಡುವ ತುಂಡಾಗ್ಯಾವ,
ಇನ್ನೊಮ್ಮಿ ಒತ್ತು.